ಬಿಡದಿಯ ಫಲಕದ ಮೇಲಿರುವ ಹೆಸರು: ರಾಬರ್ಟ್ ಬಾಷ್

ಬೈರಮಂಗಲ ಮತ್ತು ಸುತ್ತಲಿನ ಹಳ್ಳಿಗಳಿಂದ ಬಿಡದಿ ಕೈಗಾರಿಕಾ ಪ್ರದೇಶಕ್ಕೆ ದಿನವೂ ಕೆಲಸಕ್ಕೆ ಹೋಗುವವರು ನಮ್ಮ ನಿಮ್ಮ ಮನೆಗಳಲ್ಲೇ ಇದ್ದಾರೆ. ಅಲ್ಲಿನ ಕಾರ್ಖಾನೆಗಳ ಫಲಕಗಳಲ್ಲಿ ಬಾಷ್ ಎಂಬ ಹೆಸರನ್ನು ಎಲ್ಲರೂ ಓದಿರುತ್ತೇವೆ. ಬಡಗಿಯ ಕೈಯಲ್ಲಿರುವ ಡ್ರಿಲ್ಲಿಂಗ್ ಮೆಷಿನ್ ಮೇಲೆ, ಗ್ಯಾರೇಜಿನಲ್ಲಿ ಬಿದ್ದಿರುವ ಸ್ಪಾರ್ಕ್ ಪ್ಲಗ್ ಡಬ್ಬಿಯ ಮೇಲೆ, ಲಾರಿಯ ಡೀಸೆಲ್ ಪಂಪಿನ ಮೇಲೆ ಅದೇ ಹೆಸರಿದೆ. ಇದು ಒಂದು ಕಂಪನಿಯ ಹೆಸರು ಎಂಬುದು ಗೊತ್ತು. ಅದಕ್ಕಿಂತ ಮೊದಲು ಇದು ಒಬ್ಬ ಮನುಷ್ಯನ ಹೆಸರಾಗಿತ್ತು ಎಂಬುದು ಬಹಳ ಮಂದಿಗೆ ಗೊತ್ತಿಲ್ಲ.

ರಾಬರ್ಟ್ ಬಾಷ್ ಅವರು ತೀರಿಕೊಂಡು 80 ವರ್ಷಗಳ ಮೇಲಾಯಿತು. ಇಂದು ಬೈಕು, ಕಾರುಗಳ ಮೇಲೆ ನಾವು ಓದುವ ಎಬಿಎಸ್ ಎಂಬ ಮೂರಕ್ಷರ ಅವರು ಬದುಕಿದ್ದ ಕಾಲದಲ್ಲಿ ಇರಲಿಲ್ಲ. ಆದರೆ ಅವರ ಬದುಕನ್ನು ಓದಿದರೆ ಎಬಿಎಸ್ ಅರ್ಥವಾಗುತ್ತದೆ. ಅವರಿಗೆ ಅನ್ನ ಕೊಟ್ಟದ್ದು ಒಂದು ಅಯಸ್ಕಾಂತ ಮತ್ತು ಒಂದು ತಂತಿಯ ಸುರುಳಿ. ಅವರು ಹೋದ ಎಷ್ಟೋ ವರ್ಷಗಳ ಮೇಲೆ ಚಕ್ರದ ವೇಗ ಅಳೆದು ಪ್ರಾಣ ಉಳಿಸಲು ಬಂದದ್ದೂ ಅದೇ ಅಯಸ್ಕಾಂತ, ಅದೇ ಸುರುಳಿ. ದ್ವಿತೀಯ ಪಿಯುಸಿ ಭೌತಶಾಸ್ತ್ರದಲ್ಲಿ ವಿದ್ಯುತ್ಕಾಂತೀಯ ಪ್ರೇರಣೆ ಎಂದು ನಾವು ಓದುವ ಪಾಠ ಇದೇ.

ಹಳ್ಳಿಯಿಂದ ಕಾರ್ಯಾಗಾರಕ್ಕೆ

ರಾಬರ್ಟ್ ಬಾಷ್ ಹುಟ್ಟಿದ್ದು 1861ರ ಸೆಪ್ಟೆಂಬರ್ 23ರಂದು, ಜರ್ಮನಿಯ ದಕ್ಷಿಣ ಭಾಗದಲ್ಲಿ ಉಲ್ಮ್ ನಗರದ ಹತ್ತಿರದ ಆಲ್ಬೆಕ್ ಎಂಬ ಹಳ್ಳಿಯಲ್ಲಿ. ತಂದೆ ಸರ್ವೇಷಿಯಸ್ ಬಾಷ್ ರೈತರು. ದಾರಿಹೋಕರು ತಂಗುವ ಒಂದು ವಸತಿಗೃಹವನ್ನೂ ನಡೆಸುತ್ತಿದ್ದರು. ಮನೆಯಲ್ಲಿ ಹನ್ನೆರಡು ಮಕ್ಕಳು, ರಾಬರ್ಟ್ ಹನ್ನೊಂದನೆಯವರು. ತಂದೆಗೆ ಓದಿನ ಮೇಲೆ ಬಹಳ ಪ್ರೀತಿ, ಮಕ್ಕಳು ಚೆನ್ನಾಗಿ ಓದಬೇಕೆಂಬ ಆಸೆ. 1869ರಲ್ಲಿ ಕುಟುಂಬ ಹಳ್ಳಿ ಬಿಟ್ಟು ಉಲ್ಮ್ ನಗರಕ್ಕೆ ಬಂತು. ರಾಬರ್ಟ್ ಅಲ್ಲಿಯೇ ಶಾಲೆಗೆ ಹೋದರು.

1876ರಲ್ಲಿ, ಹದಿನೈದನೆಯ ವಯಸ್ಸಿನ ಹೊತ್ತಿಗೆ, ಅವರನ್ನು ಸೂಕ್ಷ್ಮ ಯಂತ್ರಗಳ ಕೆಲಸ ಕಲಿಯಲು ಉಲ್ಮ್‌ನ ಒಬ್ಬ ಕುಶಲಕರ್ಮಿಯ ಬಳಿ ಬಿಟ್ಟರು. ನಮ್ಮ ಕಡೆ ಗ್ಯಾರೇಜಿನಲ್ಲಿ ಹುಡುಗರು ಉಸ್ತಾದ್ ಬಳಿ ಕೆಲಸಕ್ಕೆ ನಿಲ್ಲುವಂತೆಯೇ ಇದು. ಮೂರು ವರ್ಷ ಅಲ್ಲಿ ಕಳೆದರು. ಆದರೆ ಆ ಉಸ್ತಾದ್ ಹುಡುಗರಿಗೆ ಕಲಿಸುವ ಗೋಜಿಗೆ ಹೆಚ್ಚಾಗಿ ಹೋಗುತ್ತಿರಲಿಲ್ಲ. ತಾವು ಅಲ್ಲಿ ಸರಿಯಾಗಿ ಕಲಿಯಲಿಲ್ಲ ಎಂಬ ಕೊರಗು ಬಾಷ್ ಅವರಿಗೆ ಕೊನೆಯವರೆಗೂ ಇತ್ತು. ಈ ಕೊರಗಿನಿಂದ ಮುಂದೆ ಒಂದು ಒಳ್ಳೆಯ ಕೆಲಸ ಹುಟ್ಟಿತು. ಅದನ್ನು ಮುಂದೆ ನೋಡೋಣ.

ಆಮೇಲಿನ ಏಳು ವರ್ಷ ಅವರದು ಊರೂರು ತಿರುಗಿ ಕಲಿಯುವ ಬದುಕು. ಜರ್ಮನಿಯ ಬೇರೆ ಬೇರೆ ಕಾರ್ಖಾನೆಗಳಲ್ಲಿ ದುಡಿದರು. ಒಂದು ವರ್ಷ ಸೈನ್ಯದಲ್ಲಿದ್ದರು. ಸ್ಟುಟ್‌ಗಾರ್ಟ್ ನಗರದ ತಾಂತ್ರಿಕ ಕಾಲೇಜಿನಲ್ಲಿ ಸ್ವಲ್ಪ ಕಾಲ ಕುಳಿತು ಪಾಠ ಕೇಳಿದರು. ಕೈಗೆ ಗೊತ್ತಿದ್ದ ಕೆಲಸದ ಹಿಂದಿನ ತತ್ವ ತಲೆಗೂ ಗೊತ್ತಾಗಬೇಕೆಂಬುದು ಅವರ ಹಂಬಲವಾಗಿತ್ತು. 1884ರಲ್ಲಿ ಹಡಗು ಹತ್ತಿ ಅಮೆರಿಕಕ್ಕೆ ಹೋಗಿ, ನ್ಯೂಯಾರ್ಕ್‌ನಲ್ಲಿ ಥಾಮಸ್ ಎಡಿಸನ್ ಅವರ ಉದ್ಯಮಕ್ಕೆ ಸೇರಿದ ಕಾರ್ಯಾಗಾರದಲ್ಲಿ ದುಡಿದರು. ಅಲ್ಲಿಂದ ಲಂಡನ್ನಿಗೆ ಬಂದು ಸೀಮೆನ್ಸ್ ಕಂಪನಿಯಲ್ಲಿ ಕೆಲಸ ಮಾಡಿದರು. ವಿದ್ಯುತ್ ಎಂಬುದು ಆಗ ಜಗತ್ತಿಗೇ ಹೊಸದು. ಅದನ್ನು ಬಲ್ಲ ಕೈಗಳು ಕಡಿಮೆ ಇದ್ದವು.

1886ರ ನವೆಂಬರ್ 15ರಂದು, 25ನೆಯ ವಯಸ್ಸಿನಲ್ಲಿ, ಬಾಷ್ ಅವರು ಸ್ಟುಟ್‌ಗಾರ್ಟ್‌ನಲ್ಲಿ ಸ್ವಂತ ಕಾರ್ಯಾಗಾರ ತೆರೆದರು. ತಂದೆಯ ಆಸ್ತಿಯಿಂದ ಬಂದ 10,000 ಮಾರ್ಕ್ ಬಂಡವಾಳ. ಕೆಲಸಕ್ಕೆ ಒಬ್ಬ ಮೆಕ್ಯಾನಿಕ್, ಓಡಾಡಲು ಒಬ್ಬ ಹುಡುಗ. ಟೆಲಿಫೋನ್ ಜೋಡಣೆ, ವಿದ್ಯುತ್ ಗಂಟೆ, ಸಣ್ಣಪುಟ್ಟ ರಿಪೇರಿ ಹೀಗೆ ಬಂದ ಕೆಲಸ ಮಾಡಿಕೊಂಡು ದಿನ ದೂಡಿದರು. ಬಂಡವಾಳ ಬೇಗ ಕರಗಿತು. ಮನೆಯವರಿಂದ ಸಾಲ ಪಡೆಯಬೇಕಾಯಿತು. ಗಿರಾಕಿಗಳ ಮನೆಗೆ ಬೇಗ ತಲುಪಲು ಒಂದು ಸೈಕಲ್ ಕೊಂಡರು. ಮೊದಲ ಹತ್ತು ವರ್ಷ ಇದೇ ಪಾಡು. ಇಂದು ಆ ಫಲಕವನ್ನು ನೋಡುವವರಿಗೆ ಇದು ನೆನಪಿರಬೇಕು.

ಅಯಸ್ಕಾಂತ, ಸುರುಳಿ ಮತ್ತು ಕಿಡಿ

1887ರಲ್ಲಿ ಒಬ್ಬ ಯಂತ್ರ ತಯಾರಕರು ಅವರ ಬಳಿ ಬಂದು, ಗ್ಯಾಸ್ ಎಂಜಿನ್ ಒಂದಕ್ಕೆ ಕಿಡಿ ಹೊತ್ತಿಸುವ ಸಾಧನ ಬೇಕೆಂದು ಕೇಳಿದರು. ಅಂಥದೊಂದು ಸಾಧನ ಬೇರೆ ಕಂಪನಿಯ ಎಂಜಿನ್ನಿನಲ್ಲಿ ಆಗಲೇ ಇತ್ತು. ಬಾಷ್ ಅವರು ಮೊದಲು ಮಾಡಿದ ಕೆಲಸ, ಅದಕ್ಕೆ ಯಾರದಾದರೂ ಪೇಟೆಂಟ್ ಇದೆಯೇ ಎಂದು ವಿಚಾರಿಸಿದ್ದು. ಇಲ್ಲ ಎಂದು ಖಚಿತವಾದ ಮೇಲೆಯೇ ಕೈ ಹಾಕಿದರು. ನೋಡಿದ್ದನ್ನು ಹಾಗೆಯೇ ನಕಲು ಮಾಡದೆ ಇನ್ನಷ್ಟು ಗಟ್ಟಿಮುಟ್ಟಾಗಿ ಮಾಡಿಕೊಟ್ಟರು.

ಇದೇ ಮ್ಯಾಗ್ನೆಟೊ. ಇದರ ಒಳಗಿರುವುದು ಮೈಕೆಲ್ ಫ್ಯಾರಡೆ 1831ರಲ್ಲಿ ಕಂಡುಕೊಂಡ ನಿಯಮ. ತಂತಿಯ ಸುರುಳಿಯ ಮೂಲಕ ಹಾಯುವ ಕಾಂತೀಯ ಅಭಿವಾಹ ಬದಲಾದರೆ ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ. ಬದಲಾವಣೆ ಎಷ್ಟು ವೇಗವೋ ವೋಲ್ಟೇಜ್ ಅಷ್ಟು ಹೆಚ್ಚು. ಬ್ಯಾಟರಿ ಬೇಕಿಲ್ಲ. ಎಂಜಿನ್ ತಿರುಗಿದರೆ ಸಾಕು, ಕಿಡಿ ತಾನಾಗಿ ಬರುತ್ತದೆ.

1896ರ ಹೊತ್ತಿಗೆ ಕಾರ್ಯಾಗಾರ 1,000ನೆಯ ಮ್ಯಾಗ್ನೆಟೊ ತಯಾರಿಸಿತು. ಆದರೆ ಅವೆಲ್ಲ ಒಂದೇ ಕಡೆ ನಿಂತು ನಿಧಾನವಾಗಿ ತಿರುಗುವ ಎಂಜಿನ್‌ಗಳಿಗೆ. 1897ರಲ್ಲಿ ಫ್ರೆಡೆರಿಕ್ ಸಿಮ್ಸ್ ಎಂಬ ವ್ಯಾಪಾರಿ ದೆ ದಿಯೋನ್ ಬೂತೋನ್ ಎಂಬ ಫ್ರೆಂಚ್ ಕಂಪನಿಯ ಮೋಟಾರು ತ್ರಿಚಕ್ರ ವಾಹನಕ್ಕೆ ಮ್ಯಾಗ್ನೆಟೊ ಅಳವಡಿಸಿಕೊಡುವಂತೆ ಕೇಳಿದರು. ಆ ಪುಟ್ಟ ಎಂಜಿನ್ ನಿಮಿಷಕ್ಕೆ 1,800 ಸುತ್ತು ತಿರುಗುತ್ತಿತ್ತು. ಹಳೆಯ ಮ್ಯಾಗ್ನೆಟೊದಲ್ಲಿ ತಂತಿ ಸುತ್ತಿದ ಭಾರವಾದ ಭಾಗವೇ ಅತ್ತಿತ್ತ ಆಡಬೇಕಾಗಿತ್ತು. ಆ ವೇಗ ಅದಕ್ಕೆ ಸಾಧ್ಯವಿರಲಿಲ್ಲ. ಕಾರ್ಯಾಗಾರದ ಮೇಸ್ತ್ರಿ ಆರ್ನಾಲ್ಡ್ ಜೇರಿಂಗರ್ ಒಂದು ಉಪಾಯ ಕಂಡುಹಿಡಿದರು. ಸುರುಳಿಯನ್ನು ಅಲುಗಾಡಿಸದೆ ಇಟ್ಟು, ಅಯಸ್ಕಾಂತಕ್ಕೂ ಸುರುಳಿಗೂ ನಡುವೆ ಒಂದು ಹಗುರವಾದ ಕಬ್ಬಿಣದ ಕವಚ ಮಾತ್ರ ಆಡುವಂತೆ ಮಾಡಿದರು. ಕಬ್ಬಿಣ ಆಡಿದಂತೆ ಸುರುಳಿಯ ಮೂಲಕ ಹಾಯುವ ಅಭಿವಾಹ ಏರಿಳಿಯಿತು, ಕಿಡಿ ಬಂತು.

ಈ ಮಾತನ್ನು ವಿದ್ಯಾರ್ಥಿಗಳು ಸ್ವಲ್ಪ ನೆನಪಿಟ್ಟುಕೊಳ್ಳಬೇಕು. ಅಯಸ್ಕಾಂತ ನಿಂತಿದೆ, ಸುರುಳಿಯೂ ನಿಂತಿದೆ, ಕಬ್ಬಿಣ ಮಾತ್ರ ಚಲಿಸುತ್ತಿದೆ. ಎಬಿಎಸ್ ಸೆನ್ಸರಿನ ವಿಷಯಕ್ಕೆ ಬಂದಾಗ ಇದೇ ಜೋಡಣೆಯನ್ನು ಮತ್ತೆ ನೋಡುತ್ತೇವೆ.

1902ರಲ್ಲಿ ಇನ್ನೊಂದು ದೊಡ್ಡ ಹೆಜ್ಜೆ. ಹುಡುಗನಾಗಿ ಇದೇ ಕಾರ್ಯಾಗಾರದಲ್ಲಿ ಕೆಲಸ ಕಲಿತು, ಆಮೇಲೆ ಓದಿ ಮರಳಿ ಬಂದ ಗಾಟ್ಲೋಬ್ ಹೋನೋಲ್ಡ್ ಎಂಬ ಎಂಜಿನಿಯರ್ ಹೆಚ್ಚು ವೋಲ್ಟೇಜಿನ ಮ್ಯಾಗ್ನೆಟೊ ಮತ್ತು ಅದಕ್ಕೆ ಹೊಂದುವ ಸ್ಪಾರ್ಕ್ ಪ್ಲಗ್ ಸಿದ್ಧಪಡಿಸಿದರು. ಮೋಟಾರು ಗಾಡಿಗಳು ನಂಬಿಕೆಯಿಂದ ಓಡತೊಡಗಿದವು. ಬಾಷ್ ಹೆಸರು ದೇಶ ದೇಶಗಳಿಗೆ ಹೋಯಿತು.

ಮಾಲೀಕ ಮತ್ತು ಮನುಷ್ಯ

ಹಣ ಬಂದ ಮೇಲೆ ಬಾಷ್ ಅವರು ಏನು ಮಾಡಿದರು ಎಂಬುದೂ ತಿಳಿಯಬೇಕಾದ ವಿಷಯ. 1906ರಲ್ಲಿ ತಮ್ಮ ಕಾರ್ಖಾನೆಯಲ್ಲಿ ದಿನಕ್ಕೆ ಎಂಟು ಗಂಟೆ ಕೆಲಸ ಎಂದು ನಿಗದಿ ಮಾಡಿದರು. ಆ ಕಾಲದ ಜರ್ಮನಿಯಲ್ಲಿ ಇದು ಅಪರೂಪ. 1910ರಲ್ಲಿ ಶನಿವಾರ ಮಧ್ಯಾಹ್ನದ ಮೇಲೆ ರಜೆ ಕೊಟ್ಟರು. ದಣಿದ ಕೈ ತಪ್ಪು ಮಾಡುತ್ತದೆ, ದಣಿಯದ ಕೈ ಒಳ್ಳೆಯ ಮಾಲು ಮಾಡುತ್ತದೆ ಎಂಬುದು ಅವರ ಲೆಕ್ಕ. 1913ರಲ್ಲಿ ಕೆಲಸ ಕಲಿಯುವ ಹುಡುಗರಿಗಾಗಿಯೇ ಪ್ರತ್ಯೇಕ ತರಬೇತಿ ವಿಭಾಗ ತೆರೆದರು. ಉಲ್ಮ್‌ನಲ್ಲಿ ತಮಗೆ ಸಿಗದೆ ಹೋದದ್ದು ಈ ಹುಡುಗರಿಗೆ ಸಿಗಲಿ ಎಂಬುದೇ ಅದರ ಹಿಂದಿನ ಕಾರಣ.

ಎಲ್ಲವೂ ಸುಗಮವಾಗಿತ್ತು ಎಂದಲ್ಲ. ಅದೇ 1913ರಲ್ಲಿ ಅವರ ಕಾರ್ಖಾನೆಯಲ್ಲಿ ಮುಷ್ಕರ ನಡೆದು, ಕಾರ್ಮಿಕ ಸಂಘದೊಂದಿಗೆ ಅವರ ಸಂಬಂಧ ಕೆಟ್ಟಿತು. ಮರುವರ್ಷ ಮೊದಲ ಮಹಾಯುದ್ಧ ಬಂತು. ಹೊರದೇಶಗಳಲ್ಲಿದ್ದ ಕಂಪನಿಗಳು ಕೈತಪ್ಪಿದವು. ಯುದ್ಧದ ಸಾಮಗ್ರಿಯಿಂದ ಬಂದ ಲಾಭವನ್ನು ಇಟ್ಟುಕೊಳ್ಳಲು ಅವರಿಗೆ ಮನಸ್ಸಾಗಲಿಲ್ಲ. ನೆಕ್ಕರ್ ನದಿಯನ್ನು ಹಡಗು ಸಂಚಾರಕ್ಕೆ ಯೋಗ್ಯವಾಗಿ ಮಾಡುವ ಕೆಲಸಕ್ಕೆ ದೊಡ್ಡ ಮೊತ್ತ ಕೊಟ್ಟುಬಿಟ್ಟರು. ತನ್ನ ನಂತರ ಕಂಪನಿ ನೋಡಿಕೊಳ್ಳಲಿ ಎಂದುಕೊಂಡಿದ್ದ ಮಗ ರಾಬರ್ಟ್ ದೀರ್ಘಕಾಲದ ಕಾಯಿಲೆಯಿಂದ 1921ರಲ್ಲಿ ತೀರಿಕೊಂಡ. ತಂದೆಗೆ ಅದು ಮಾಸದ ನೋವಾಯಿತು.

ನಂಬಿಕೆ ಕಳೆದುಕೊಳ್ಳುವುದಕ್ಕಿಂತ ಹಣ ಕಳೆದುಕೊಳ್ಳುವುದು ಮೇಲು ಎಂಬುದು ಅವರು ವ್ಯಾಪಾರದಲ್ಲಿ ಹಿಡಿದ ದಾರಿ. ಕಳಪೆ ಮಾಲು ತಮ್ಮ ಹೆಸರಿನಲ್ಲಿ ಹೊರಗೆ ಹೋಗುವುದನ್ನು ಅವರು ಸಹಿಸುತ್ತಿರಲಿಲ್ಲ. ಮ್ಯಾಗ್ನೆಟೊ ಕೈಕೊಟ್ಟರೆ ಗಾಡಿ ನಿಲ್ಲುತ್ತದೆ, ಅಷ್ಟೇ. ಬ್ರೇಕ್ ಕೈಕೊಟ್ಟರೆ ಮನುಷ್ಯ ಸಾಯುತ್ತಾನೆ. ಅವರ ಕಂಪನಿ ಆ ಹೆಚ್ಚಿನ ಹೊಣೆಗೂ ಕೈ ಹಾಕುವ ಕಾಲ ಬಂತು.

ಓಡಿಸುವುದರಿಂದ ನಿಲ್ಲಿಸುವುದಕ್ಕೆ

1920ರ ದಶಕದಲ್ಲಿ ಗಾಡಿಗಳ ವೇಗ ಮತ್ತು ಭಾರ ಎರಡೂ ಹೆಚ್ಚಿದವು. 1927ರಲ್ಲಿ ಬಾಷ್ ಕಂಪನಿ ಡೀಸೆಲ್ ಇಂಜೆಕ್ಷನ್ ಪಂಪುಗಳನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸತೊಡಗಿತು. ಆ ದಶಕದ ಕೊನೆಯ ಹೊತ್ತಿಗೆ ಕಾಲಿನ ಒತ್ತಡಕ್ಕೆ ಬಲ ಸೇರಿಸುವ ಸರ್ವೋ ಬ್ರೇಕನ್ನೂ ಮಾರುಕಟ್ಟೆಗೆ ತಂದಿತು. ಬ್ರೇಕಿನ ಬಲ ಹೆಚ್ಚಿದಂತೆ ಇನ್ನೊಂದು ತೊಂದರೆಯೂ ಎದ್ದು ಕಂಡಿತು. ಜೋರಾಗಿ ಒತ್ತಿದರೆ ಚಕ್ರ ತಿರುಗುವುದನ್ನೇ ನಿಲ್ಲಿಸಿ ಲಾಕ್ ಆಗುತ್ತದೆ, ಗಾಡಿ ಮಾತ್ರ ಜಾರಿಕೊಂಡು ಮುಂದೆ ಹೋಗುತ್ತದೆ.

ಇದರ ಕಾರಣ ಘರ್ಷಣೆಯ ಪಾಠದಲ್ಲಿದೆ. ತಿರುಗುವ ಚಕ್ರದ ತಳಭಾಗ ರಸ್ತೆಯನ್ನು ಹಿಡಿದುಕೊಂಡಿರುತ್ತದೆ. ಲಾಕ್ ಆದ ಚಕ್ರ ರಸ್ತೆಯ ಮೇಲೆ ಉಜ್ಜಿಕೊಂಡು ಹೋಗುತ್ತದೆ. ಉಜ್ಜುವಾಗಿನ ಘರ್ಷಣೆ ಸಾಮಾನ್ಯವಾಗಿ ಹಿಡಿತದ ಘರ್ಷಣೆಗಿಂತ ಕಡಿಮೆ. ಅದಕ್ಕಿಂತ ಅಪಾಯದ ಸಂಗತಿ ಎಂದರೆ, ಉಜ್ಜುತ್ತಿರುವ ಚಕ್ರವನ್ನು ಎಡಕ್ಕೋ ಬಲಕ್ಕೋ ತಿರುಗಿಸಿದರೂ ಗಾಡಿ ಆ ಕಡೆ ತಿರುಗುವುದಿಲ್ಲ. ಸ್ಟೀರಿಂಗ್ ಕೈಯಲ್ಲಿದ್ದೂ ಇಲ್ಲದಂತೆ. ಬೈಕಿನಲ್ಲಾದರೆ ಮುಂದಿನ ಚಕ್ರ ಲಾಕ್ ಆದ ಕ್ಷಣಮಾತ್ರದಲ್ಲಿ ಸವಾರ ಕೆಳಗೆ ಬೀಳುತ್ತಾನೆ.

1936ರಲ್ಲಿ ಬಾಷ್ ಕಂಪನಿ, ಮೋಟಾರು ಗಾಡಿಯ ಚಕ್ರಗಳು ಬ್ರೇಕ್ ಹಾಕಿದಾಗ ಲಾಕ್ ಆಗದಂತೆ ತಡೆಯುವ ಸಾಧನವೊಂದಕ್ಕೆ ಪೇಟೆಂಟ್ ಸಲ್ಲಿಸಿತು. ರಾಬರ್ಟ್ ಬಾಷ್ ಅವರಿಗೆ ಆಗ 75 ವರ್ಷ ತುಂಬುತ್ತಿತ್ತು. ಆ ಸಾಧನವನ್ನು ಅವರೇ ಕಂಡುಹಿಡಿದರು ಎಂದು ಹೇಳಲಾಗದು. ಅವರು ಕಟ್ಟಿದ ಸಂಸ್ಥೆಯಲ್ಲಿ ಅದು ಹುಟ್ಟಿತು ಎಂದಷ್ಟೇ ಹೇಳಬಹುದು. ಅದನ್ನು ರಸ್ತೆಗೆ ತರುವಷ್ಟು ಚುರುಕಾದ ನಿಯಂತ್ರಣ ಸಾಧನ ಆ ಕಾಲದಲ್ಲಿ ಇರಲಿಲ್ಲ.

ಅವರ ಕೊನೆಯ ವರ್ಷಗಳು ನಾಜಿ ಆಡಳಿತದ ಕರಾಳ ದಿನಗಳು. ಬಾಷ್ ಅವರು ಮನಸ್ಸಿನಲ್ಲಿ ಆ ಆಡಳಿತದ ವಿರೋಧಿ. ಹಿಟ್ಲರ್ ವಿರುದ್ಧ ನಿಂತ ಕಾರ್ಲ್ ಗೋರ್ಡೆಲರ್ ಅವರಿಗೆ ಕಂಪನಿಯಲ್ಲಿ ಸಲಹೆಗಾರರ ಸ್ಥಾನ ಕೊಟ್ಟು ಆಸರೆಯಾದರು. ಕಷ್ಟದಲ್ಲಿದ್ದ ಯಹೂದಿಗಳಿಗೆ ಅವರೂ ಅವರ ಆಪ್ತ ಹಾನ್ಸ್ ವಾಲ್ಜ್ ಅವರೂ ಗುಟ್ಟಾಗಿ ನೆರವಾದರು. ಅದೇ ಹೊತ್ತಿನಲ್ಲಿ ಅವರ ಕಂಪನಿ ಆ ಆಡಳಿತದ ಯುದ್ಧಕ್ಕೆ ಸಾಮಗ್ರಿ ತಯಾರಿಸಿತು. ಬಲವಂತವಾಗಿ ಹಿಡಿದು ತಂದ ಸಾವಿರಾರು ಕಾರ್ಮಿಕರನ್ನು ದುಡಿಸಿಕೊಂಡಿತು. ಈ ಎರಡೂ ನಿಜ. ಒಳ್ಳೆಯದನ್ನು ಹೇಳಿ ಕೆಟ್ಟದ್ದನ್ನು ಮುಚ್ಚಿಟ್ಟರೆ ಅದು ಜೀವನಚರಿತ್ರೆ ಆಗುವುದಿಲ್ಲ.

1940ರಲ್ಲಿ ಸ್ಟುಟ್‌ಗಾರ್ಟ್‌ನಲ್ಲಿ ಅವರು ಕಟ್ಟಿಸಿದ ಆಸ್ಪತ್ರೆ ಬಾಗಿಲು ತೆರೆಯಿತು. 1942ರ ಮಾರ್ಚ್ 12ರಂದು, 80ನೆಯ ವಯಸ್ಸಿನಲ್ಲಿ, ರಾಬರ್ಟ್ ಬಾಷ್ ತೀರಿಕೊಂಡರು. ಅವರು ಬಯಸಿದಂತೆ ಮುಂದೆ ಕಂಪನಿಯ ಬಹುಪಾಲು ಒಡೆತನ ಅವರ ಹೆಸರಿನ ಸಾರ್ವಜನಿಕ ಸೇವಾ ಪ್ರತಿಷ್ಠಾನಕ್ಕೆ ಸೇರಿತು. ಇಂದಿಗೂ ಲಾಭದ ಒಂದು ಪಾಲು ವಿದ್ಯೆ, ಆರೋಗ್ಯ ಮುಂತಾದ ಕೆಲಸಗಳಿಗೆ ಹೋಗುತ್ತದೆ.

ಚಕ್ರದ ನಾಡಿ

ಚಕ್ರ ಲಾಕ್ ಆಗದಂತೆ ತಡೆಯುವ ಕೆಲಸದಲ್ಲಿ ಬಾಷ್ ಕಂಪನಿ ಒಂದೇ ಇರಲಿಲ್ಲ. ಬ್ರಿಟನ್ನಿನ ಡನ್‌ಲಪ್ ಕಂಪನಿ 1950ರ ದಶಕದಲ್ಲಿ ವಿಮಾನಗಳಿಗೆ ಮ್ಯಾಕ್ಸಾರೆಟ್ ಎಂಬ ಯಾಂತ್ರಿಕ ಸಾಧನ ಮಾಡಿತು. 1966ರಲ್ಲಿ ಅದನ್ನು ಜೆನ್ಸನ್ ಕಂಪನಿಯ ಒಂದು ಕಾರಿಗೂ ಅಳವಡಿಸಿದರು. ಬಾಷ್ ಕಂಪನಿಯಲ್ಲಿ ಕೆಲಸ ಮುಂದುವರಿದಂತೆ ಮೊದಲ ನಿಯಂತ್ರಣ ಪೆಟ್ಟಿಗೆಗೆ ಸುಮಾರು 1,000 ಎಲೆಕ್ಟ್ರಾನಿಕ್ ಭಾಗಗಳು ಬೇಕಾದವು. ಅಷ್ಟು ಭಾಗಗಳಿದ್ದರೆ ಒಂದಲ್ಲ ಒಂದು ಕೆಡುತ್ತದೆ. ಬ್ರೇಕಿನಲ್ಲಿ ಅದು ಆಗಬಾರದು. ಡಿಜಿಟಲ್ ಚಿಪ್‌ಗಳು ಬಂದ ಮೇಲೆ ಆ ಸಂಖ್ಯೆ ಸುಮಾರು 140ಕ್ಕೆ ಇಳಿಯಿತು. 1978ರಲ್ಲಿ ಮರ್ಸಿಡಿಸ್ ಬೆಂಜ್ ಎಸ್ ಕ್ಲಾಸ್ ಕಾರಿನಲ್ಲಿ, ಅದರ ಹಿಂದೆಯೇ ಬಿಎಂಡಬ್ಲ್ಯು 7 ಸರಣಿಯಲ್ಲಿ ಬಾಷ್ ಎಬಿಎಸ್ ಬಂತು. 1936ರ ಪೇಟೆಂಟಿಗೂ ಇದಕ್ಕೂ ನಡುವೆ 42 ವರ್ಷ.

ಈಗ ಅದು ಕೆಲಸ ಮಾಡುವ ಬಗೆ ನೋಡೋಣ. ಚಕ್ರದ ಜೊತೆ ತಿರುಗುವ ಒಂದು ಹಲ್ಲಿನ ಉಂಗುರ ಇರುತ್ತದೆ. ಅದರ ಪಕ್ಕದಲ್ಲಿ, ಮುಟ್ಟದಂತೆ, ಒಂದು ಮಿಲಿಮೀಟರಿನಷ್ಟು ಅಂತರದಲ್ಲಿ ಸೆನ್ಸರ್ ಕೂತಿರುತ್ತದೆ. ಅದರೊಳಗೆ ಒಂದು ಅಯಸ್ಕಾಂತ ಮತ್ತು ಒಂದು ಸುರುಳಿ. ಕಬ್ಬಿಣದ ಹಲ್ಲು ಎದುರಿಗೆ ಬಂದಾಗ ಅಭಿವಾಹ ಹೆಚ್ಚುತ್ತದೆ, ಹಲ್ಲುಗಳ ನಡುವಿನ ಸಂದು ಬಂದಾಗ ಕಡಿಮೆಯಾಗುತ್ತದೆ. ಅಯಸ್ಕಾಂತ ನಿಂತಿದೆ, ಸುರುಳಿ ನಿಂತಿದೆ, ಕಬ್ಬಿಣ ಚಲಿಸುತ್ತಿದೆ. 1897ರ ತ್ರಿಚಕ್ರ ವಾಹನದ ಮ್ಯಾಗ್ನೆಟೊ ನೆನಪಾಯಿತೇ? ಅಲ್ಲಿ ಆ ವಿದ್ಯುತ್ ಕಿಡಿಯಾಯಿತು, ಇಲ್ಲಿ ಅದು ಸುದ್ದಿಯಾಯಿತು.

ಒಂದು ಲೆಕ್ಕ ಮಾಡೋಣ. ಉಂಗುರದಲ್ಲಿ 48 ಹಲ್ಲು, ಚಕ್ರದ ಸುತ್ತಳತೆ 2 ಮೀಟರ್ ಎಂದಿರಲಿ. ಗಾಡಿ ಗಂಟೆಗೆ 72 ಕಿಲೋಮೀಟರ್ ಓಡುತ್ತಿದ್ದರೆ ಸೆಕೆಂಡಿಗೆ 20 ಮೀಟರ್. ಅಂದರೆ ಚಕ್ರ ಸೆಕೆಂಡಿಗೆ 10 ಸುತ್ತು. ಸೆನ್ಸರಿನ ಮುಂದೆ ಹಾದುಹೋಗುವ ಹಲ್ಲುಗಳು 480. ಸುರುಳಿಯಲ್ಲಿ ಸೆಕೆಂಡಿಗೆ 480 ಬಾರಿ ವೋಲ್ಟೇಜ್ ಏರಿಳಿಯುತ್ತದೆ. ಕಂಪ್ಯೂಟರ್ ಈ ಏರಿಳಿತಗಳನ್ನು ಎಣಿಸುತ್ತದೆ. ವೈದ್ಯರು ನಾಡಿ ಹಿಡಿದು ಎಣಿಸುವ ಹಾಗೆ. 480 ಇದ್ದದ್ದು 240 ಆದರೆ ಚಕ್ರದ ವೇಗ ಅರ್ಧವಾಗಿದೆ ಎಂದರ್ಥ.

ಈ ಸೆನ್ಸರಿಗೆ ಒಂದು ಕೊರತೆಯಿದೆ. ಚಕ್ರ ಬಹಳ ನಿಧಾನವಾದರೆ ಅಭಿವಾಹ ನಿಧಾನವಾಗಿ ಬದಲಾಗುತ್ತದೆ, ವೋಲ್ಟೇಜ್ ತೀರಾ ಕಡಿಮೆಯಾಗಿ ಎಣಿಕೆಗೆ ಸಿಗುವುದಿಲ್ಲ. ಆದ್ದರಿಂದ ಈಗಿನ ಬಹಳಷ್ಟು ಗಾಡಿಗಳಲ್ಲಿ ಬೇರೆ ಬಗೆಯ ಸೆನ್ಸರ್‌ಗಳಿವೆ. ಎಡ್ವಿನ್ ಹಾಲ್ 1879ರಲ್ಲಿ ಕಂಡುಕೊಂಡ ಹಾಲ್ ಪರಿಣಾಮವನ್ನು ಬಳಸುವ ಸೆನ್ಸರ್ ಅವುಗಳಲ್ಲಿ ಒಂದು. ಇದಕ್ಕೆ ಹೊರಗಿನಿಂದ ವಿದ್ಯುತ್ ಕೊಡಬೇಕು. ಆದರೆ ಇದು ಅಭಿವಾಹ ಎಷ್ಟು ವೇಗವಾಗಿ ಬದಲಾಯಿತು ಎಂದು ನೋಡುವುದಿಲ್ಲ, ಕಾಂತಕ್ಷೇತ್ರ ಈಗ ಎಷ್ಟಿದೆ ಎಂದು ನೋಡುತ್ತದೆ. ಹಾಗಾಗಿ ಚಕ್ರ ನಿಧಾನವಾಗಿ ತಿರುಗಿದರೂ ಲೆಕ್ಕ ತಪ್ಪುವುದಿಲ್ಲ.

ಚಕ್ರ ಲಾಕ್ ಆಗಲಿದೆ ಎಂದು ಕಂಪ್ಯೂಟರಿಗೆ ಮೊದಲೇ ತಿಳಿಯುವುದು ಹೇಗೆ? ಒಳ್ಳೆಯ ಒಣ ರಸ್ತೆಯಲ್ಲೂ ಸಾಮಾನ್ಯ ಗಾಡಿಯ ವೇಗ ಸೆಕೆಂಡಿಗೆ ಸುಮಾರು 10 ಮೀಟರಿಗಿಂತ ಹೆಚ್ಚಾಗಿ ಇಳಿಯಲಾರದು. ಚಕ್ರದ ಅಂಚಿನ ವೇಗ 20 ಮೀಟರಿನಿಂದ 10 ಮೀಟರಿಗೆ ಒಂದು ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ಇಳಿದರೆ, ಗಾಡಿ ಅಷ್ಟು ಬೇಗ ನಿಧಾನವಾಗಿರಲು ಸಾಧ್ಯವೇ ಇಲ್ಲ. ಅಂದರೆ ಚಕ್ರ ಒಂದೇ ಸೋಲುತ್ತಿದೆ. ಜೊತೆಗೆ ಎಲ್ಲ ಚಕ್ರಗಳ ಎಣಿಕೆಯನ್ನು ಹೋಲಿಸಿ ಗಾಡಿಯ ನಿಜವಾದ ವೇಗವನ್ನು ಅಂದಾಜು ಮಾಡುತ್ತದೆ. ಗಾಡಿ 20 ಮೀಟರ್ ವೇಗದಲ್ಲಿದ್ದು ಚಕ್ರದ ಅಂಚು 16 ಮೀಟರ್ ವೇಗದಲ್ಲಿದ್ದರೆ ಜಾರಿಕೆ ಶೇ. 20. ಸಾಮಾನ್ಯ ಟಾರು ರಸ್ತೆಯಲ್ಲಿ ಟೈರಿನ ಹಿಡಿತ ಅತ್ಯುತ್ತಮವಾಗಿರುವುದು ಹೆಚ್ಚು ಕಡಿಮೆ ಈ ಹಂತದಲ್ಲೇ. ಅದನ್ನು ದಾಟಿ ಶೇ. 100ಕ್ಕೆ ಹೋದರೆ ಪೂರ್ತಿ ಲಾಕ್.

ಅಪಾಯ ಕಂಡ ಕೂಡಲೇ ಕಂಪ್ಯೂಟರ್ ಬ್ರೇಕ್ ಆಯಿಲ್ ಹರಿಯುವ ದಾರಿಯಲ್ಲಿರುವ ವಿದ್ಯುತ್ ಕವಾಟಗಳಿಗೆ ಆಜ್ಞೆ ಕೊಡುತ್ತದೆ. ಮೊದಲು ಒತ್ತಡ ಏರದಂತೆ ತಡೆ. ಆಗಲೂ ಚಕ್ರ ನಿಲ್ಲುವಂತಿದ್ದರೆ ಒತ್ತಡ ಸ್ವಲ್ಪ ಬಿಡು. ಚಕ್ರ ಮತ್ತೆ ತಿರುಗಿದ ಮೇಲೆ ಒತ್ತಡ ಏರಿಸು. ಒಂದು ಸೆಕೆಂಡಿನಲ್ಲಿ ಹೀಗೆ ಹಲವು ಸುತ್ತು ನಡೆಯುತ್ತದೆ. ಆಗ ಪೆಡಲ್ ಕಾಲಿನ ಕೆಳಗೆ ಅದುರುತ್ತದೆ. ಕೆಲವರು ಹೆದರಿ ಕಾಲು ತೆಗೆದುಬಿಡುತ್ತಾರೆ. ತೆಗೆಯಬಾರದು. ಅದುರುವುದು ಕೆಟ್ಟಿರುವ ಗುರುತಲ್ಲ, ಕೆಲಸ ಮಾಡುತ್ತಿರುವ ಗುರುತು. ಒತ್ತಿ ಹಿಡಿದು, ಗಾಡಿಯನ್ನು ಅಡ್ಡಿಯಿಂದ ಪಕ್ಕಕ್ಕೆ ತಿರುಗಿಸಬೇಕು.

ಬೆಂಗಳೂರಿಗೆ, ಬಿಡದಿಗೆ

ಬಾಷ್ ಅವರು ಬದುಕಿದ್ದಾಗಲೇ, 1922ರಲ್ಲಿ, ಕಲ್ಕತ್ತೆಯಲ್ಲಿ ಅವರ ಕಂಪನಿಯ ಮಾರಾಟ ಕಚೇರಿ ತೆರೆದಿತ್ತು. ಸ್ವಾತಂತ್ರ್ಯ ಬಂದ ಮೇಲೆ 1951ರಲ್ಲಿ ಬೆಂಗಳೂರಿನಲ್ಲಿ ಮೋಟಾರ್ ಇಂಡಸ್ಟ್ರೀಸ್ ಕಂಪನಿ ಶುರುವಾಯಿತು. ಅದೇ ನಮ್ಮ ಅಜ್ಜಂದಿರು ಹೇಳುವ ಮೈಕೋ. ಆಡುಗೋಡಿಯ ಆ ಕಾರ್ಖಾನೆಯಲ್ಲಿ ಕೆಲಸ ಸಿಕ್ಕರೆ ಮನೆ ಉದ್ಧಾರವಾಯಿತು ಎನ್ನುವ ಕಾಲವಿತ್ತು. ಹುಡುಗರಿಗೆ ಕಸುಬು ಕಲಿಸುವ ತರಬೇತಿ ಕೇಂದ್ರವೂ ಅಲ್ಲಿ ನಡೆಯಿತು. 2008ರಲ್ಲಿ ಮೈಕೋ ಹೆಸರು ಬಾಷ್ ಲಿಮಿಟೆಡ್ ಎಂದಾಯಿತು. ಆಡುಗೋಡಿಯ ಉತ್ಪಾದನೆ ಹಂತ ಹಂತವಾಗಿ ಬಿಡದಿಗೆ ಬಂತು. ಬಿಡದಿಯಲ್ಲಿ ಮುಖ್ಯವಾಗಿ ತಯಾರಾಗುವುದು ಡೀಸೆಲ್ ಇಂಧನ ವ್ಯವಸ್ಥೆಯ ಭಾಗಗಳು.

ಎಬಿಎಸ್ ಈಗ ದುಬಾರಿ ಕಾರುಗಳ ಸೊತ್ತಲ್ಲ. ನಮ್ಮ ದೇಶದಲ್ಲಿ 125 ಸಿಸಿಗಿಂತ ದೊಡ್ಡ ಎಂಜಿನ್ ಇರುವ ದ್ವಿಚಕ್ರ ವಾಹನಗಳಲ್ಲಿ ಹೊಸ ಮಾದರಿಗಳಿಗೆ 2018ರ ಏಪ್ರಿಲ್‌ನಿಂದ, ಮೊದಲಿನಿಂದ ತಯಾರಾಗುತ್ತಿದ್ದ ಮಾದರಿಗಳಿಗೆ 2019ರ ಏಪ್ರಿಲ್‌ನಿಂದ ಅದು ಕಡ್ಡಾಯವಾಯಿತು. ಹಲವು ಬೈಕುಗಳಲ್ಲಿ ಅದು ಮುಂದಿನ ಚಕ್ರಕ್ಕೆ ಮಾತ್ರ ಇರುತ್ತದೆ. ಅಂಥ ಬೈಕಿನ ಹಿಂದಿನ ಚಕ್ರ ಈಗಲೂ ಲಾಕ್ ಆಗಬಹುದು. ನಿಮ್ಮ ಮನೆಯ ಬೈಕಿನಲ್ಲಿ ಯಾವ ಚಕ್ರದ ಪಕ್ಕ ಹಲ್ಲಿನ ಅಥವಾ ತೂತಿನ ಉಂಗುರ ಇದೆ ಎಂದು ಒಮ್ಮೆ ಬಗ್ಗಿ ನೋಡಿ, ತಿಳಿಯುತ್ತದೆ.

ಎಬಿಎಸ್ ರಸ್ತೆಯ ಹಿಡಿತವನ್ನು ಹೆಚ್ಚಿಸುವುದಿಲ್ಲ, ಇರುವ ಹಿಡಿತವನ್ನು ವ್ಯರ್ಥ ಮಾಡದಂತೆ ನೋಡಿಕೊಳ್ಳುತ್ತದೆ. ಘರ್ಷಣಾ ಗುಣಾಂಕ 0.8 ಇರುವ ಒಣ ರಸ್ತೆಯಲ್ಲಿ ಗಂಟೆಗೆ 72 ಕಿಲೋಮೀಟರ್ ವೇಗದ ಗಾಡಿ ಬ್ರೇಕ್ ಹಿಡಿದ ಮೇಲೆ ನಿಲ್ಲಲು ಸುಮಾರು 25 ಮೀಟರ್ ಬೇಕು. ಮಳೆಯಲ್ಲಿ ಗುಣಾಂಕ 0.5ಕ್ಕೆ ಇಳಿದರೆ 40 ಮೀಟರ್ ಬೇಕು. ಈ ಲೆಕ್ಕವನ್ನು ಯಾವ ಸೆನ್ಸರೂ ಬದಲಿಸಲಾರದು. ಸಡಿಲ ಮಣ್ಣು, ಮರಳಿನ ಮೇಲೆ ಎಬಿಎಸ್ ಇದ್ದರೆ ನಿಲ್ಲುವ ದೂರ ಇನ್ನೂ ಹೆಚ್ಚಾಗುವುದೂ ಉಂಟು. ಸುಗ್ಗಿಯಲ್ಲಿ ನಮ್ಮ ಹಳ್ಳಿ ರಸ್ತೆಗಳ ಮೇಲೆ ರಾಗಿ, ಹುರುಳಿ ಹರಡಿರುತ್ತಾರಲ್ಲ, ಅಲ್ಲಿ ವೇಗ ತಗ್ಗಿಸುವುದೊಂದೇ ದಾರಿ. ಲೈಸೆನ್ಸ್ ಬರುವ ವಯಸ್ಸು ಆಗದವರು ಹ್ಯಾಂಡಲ್ ಹಿಡಿಯದಿರುವುದು ಅದಕ್ಕಿಂತ ಮೊದಲಿನ ದಾರಿ.

ಕೆಸರು, ಕಬ್ಬಿಣದ ಪುಡಿ ಮೆತ್ತಿಕೊಂಡರೆ, ವೈರು ತುಂಡಾದರೆ ಸೆನ್ಸರ್ ಲೆಕ್ಕ ತಪ್ಪುತ್ತದೆ. ಆಗ ಕಂಪ್ಯೂಟರ್ ಸುಳ್ಳು ಲೆಕ್ಕದ ಮೇಲೆ ಬ್ರೇಕನ್ನು ನಡೆಸುವುದಿಲ್ಲ. ಎಬಿಎಸ್ ದೀಪ ಹೊತ್ತಿಸಿ ತಾನು ಹಿಂದೆ ಸರಿಯುತ್ತದೆ, ಸಾಮಾನ್ಯ ಬ್ರೇಕ್ ಉಳಿಯುತ್ತದೆ. ಗಾಡಿ ಶುರು ಮಾಡಿ ಸ್ವಲ್ಪ ದೂರ ಹೋದ ಮೇಲೂ ಆ ದೀಪ ಆರದಿದ್ದರೆ ಮನೆಯವರಿಗೆ ಹೇಳಿ ಗ್ಯಾರೇಜಿಗೆ ಕಳಿಸಿ.

ನಮ್ಮಲ್ಲಿ ಕೆಲವರ ಮನೆಯಲ್ಲಿ ರೇಷ್ಮೆ ನೂಲು ತೆಗೆಯುವ ಕೆಲಸ, ಕೆಲವರ ಮನೆಯಲ್ಲಿ ಚನ್ನಪಟ್ಟಣದ ಬೊಂಬೆ ಕಡೆಯುವ ಕೆಲಸ, ಇನ್ನು ಕೆಲವರ ಮನೆಯಲ್ಲಿ ಗ್ಯಾರೇಜು. ಪರೀಕ್ಷೆಯಲ್ಲಿ ಅಂಕ ಕಡಿಮೆ ಬಂದರೆ ಇನ್ನು ಗ್ಯಾರೇಜೇ ಗತಿ ಎಂದು ಬೈಯುವುದು ನಮ್ಮ ಕಡೆ ಸಾಮಾನ್ಯ. ರಾಬರ್ಟ್ ಬಾಷ್ ಅವರ ಬದುಕು ಆ ಬೈಗುಳವನ್ನು ಒಪ್ಪುವುದಿಲ್ಲ. ಅವರು ಕೈಕಸುಬು ಕಲಿತರು. ಕಲಿತದ್ದು ಸಾಲದೆಂದು ತಿಳಿದಾಗ ಕಾಲೇಜಿಗೆ ಹೋಗಿ ಕುಳಿತರು. ತಮಗೆ ಯಾರೂ ಕಲಿಸದ ಕಾರಣಕ್ಕೆ ಬೇರೆಯವರಿಗೆ ಕಲಿಸುವ ವ್ಯವಸ್ಥೆ ಮಾಡಿದರು. ಪಾಠದ ಪುಸ್ತಕ ಮತ್ತು ಪಾನಾ ಎರಡನ್ನೂ ಹಿಡಿದ ಕೈಗಳೇ ಅಯಸ್ಕಾಂತ ಮತ್ತು ಸುರುಳಿಯಿಂದ ಮೊದಲು ಕಿಡಿ ತೆಗೆದವು, ಆಮೇಲೆ ಚಕ್ರದ ನಾಡಿ ಹಿಡಿದವು. ಬಿಡದಿಯ ಆ ಫಲಕದ ಒಳಗೆ ನಾಳೆ ಕೆಲಸಕ್ಕೆ ಹೋಗುವವರು ನಮ್ಮ ತರಗತಿಗಳಲ್ಲೇ ಕುಳಿತಿದ್ದಾರೆ. ವಿದ್ಯುತ್ಕಾಂತೀಯ ಪ್ರೇರಣೆಯ ಪಾಠವನ್ನು ಐದು ಅಂಕದ ಪ್ರಶ್ನೆ ಎಂದು ಬಿಡದೆ, ಒಂದು ಪ್ರಾಣದ ಪ್ರಶ್ನೆ ಎಂದು ಓದಿದರೆ ಅವರಿಗೂ ಒಳ್ಳೆಯದು, ಅವರು ಮಾಡುವ ಬ್ರೇಕನ್ನು ನಂಬಿ ರಸ್ತೆಗೆ ಇಳಿಯುವ ನಮಗೂ ಒಳ್ಳೆಯದು.